ಪಿಡಿಎಫ್ ಒಳಗಿದ್ದ ಮುಖ

“ಪಿಡಿಎಫ್ ಕಳಿಸೀನಿ ನೋಡ್ರಿ ಕೊಟ್ರಮ್ಮಾರ, ಅದ್ರಾಗಿಂದ ಫೋಟೊ ತಕ್ಕಂಡು ಹಾಕಿಬಿಡ್ರಿ.”

ಕೊಟ್ಟೂರಿನ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಷ್ಟು ಕಾಲ ನಾನು ಅತಿ ಹೆಚ್ಚು ಕೇಳಿದ ಮಾತು ಇದೇ. ಲಗ್ನಪತ್ರಿಕೆ ಮಾಡಿಸುವವರು, ಅಂಗಡಿಗೆ ಫ್ಲೆಕ್ಸ್ ಹಾಕಿಸುವವರು, ಕಾಲೇಜಿನ ಸ್ಮರಣ ಸಂಚಿಕೆ ತರುವ ಮೇಷ್ಟ್ರುಗಳು, ಎಲ್ಲರಿಗೂ ಪಿಡಿಎಫ್ ಎಂದರೆ ಒಂದು ಬುಟ್ಟಿ. ಕೈಹಾಕಿದರೆ ಫೋಟೊ ಸಿಗಬೇಕು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. “ನಿಮ್ಮ ಹತ್ರ ಫೋಟೊನೇ ಇಲ್ಲೇನ್ರಿ?” ಎಂದು ಗದರಿದರೆ, “ಐತ್ರಿ, ಪಿಡಿಎಫ್‌ನ್ಯಾಗ ಐತಲ್ರಿ” ಎಂದು ನಗುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿರಲಿಲ್ಲ. ನನಗೇ ಅದು ಒಳಗೆ ಹೇಗೆ ಕೂತಿದೆ, ಹೊರಗೆ ಹೇಗೆ ಬರುತ್ತದೆ ಎಂಬುದು ಬಹಳ ಕಾಲ ತಿಳಿಯಲಿಲ್ಲ.

ಈಗ ಕಣ್ಣು ಸಾಕೆಂದವು, ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಪ್ರೆಸ್ಸುಗಳಿಗೆ, ಫ್ಲೆಕ್ಸ್ ಅಂಗಡಿಗಳಿಗೆ ಹೊಸದಾಗಿ ಸೇರುವ ಹುಡುಗಿಯರು ಆಗಾಗ ಫೋನು ಮಾಡಿ ಅದನ್ನು ಇದನ್ನು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಎಲ್ಲ ಬಲ್ಲವಳಂತೆ ಬರೆಯುತ್ತೇನೆಂದು ತಿಳಿಯಬೇಡಿ. ನನ್ನ ಕೆಲಸದ ಮುಕ್ಕಾಲು ಭಾಗ ಗಲಿಬಿಲಿಯಲ್ಲೇ ಕಳೆದಿದೆ.

ನಾನು ಸೇರಿದಾಗ ಸೀಸದ ಅಚ್ಚುಮೊಳೆ ಜೋಡಿಸುವ ಕಾಲ. ಫೋಟೊ ಬೇಕೆಂದರೆ ಹೊಸಪೇಟೆಗೆ ಹೋಗಿ ಅದರ ಲೋಹದ ಅಚ್ಚು, ಬ್ಲಾಕು, ಮಾಡಿಸಿಕೊಂಡು ಬರಬೇಕಿತ್ತು. ಬ್ಲಾಕು ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತಿತ್ತು, ಕಳೆದುಹೋದರೆ ಕಳೆದದ್ದೂ ಗೊತ್ತಾಗುತ್ತಿತ್ತು. ಆಮೇಲೆ ಕಂಪ್ಯೂಟರು ಬಂತು. ಹತ್ತು ಮೊಳೆಪೆಟ್ಟಿಗೆ ಹೋಗಿ ಒಂದು ಕೀಬೋರ್ಡು ಬಂದಾಗ ನಾನು ಹೆದರಲಿಲ್ಲ. ಅಕ್ಷರ ಎಲ್ಲಿದ್ದರೂ ಅಕ್ಷರವೇ. ಹೆದರಿಸಿದ್ದು ಚಿತ್ರಗಳು.

ನಮ್ಮ ಪ್ರೆಸ್ಸಿನ ಮಾಲೀಕರು ಪಂಪಣ್ಣ. ಒಳ್ಳೆಯ ಮನುಷ್ಯ, ಸಂಬಳ ತಡಮಾಡಿದವರಲ್ಲ. ಆದರೆ ಕಂಪ್ಯೂಟರಿನ ವಿಷಯದಲ್ಲಿ ಅವರದು ಒಂದೇ ವಾದ. “ಕಣ್ಣಿಗೆ ಕಾಣಸ್ತೈತಿ ಅಂದಮ್ಯಾಲ ಅದನ್ನ ತೆಗಿಯಾಕ ಏನಮ್ಮಾ ರೋಗ?” ಎನ್ನುತ್ತಿದ್ದರು. ನಾನು ಮೌಸು ಜೋರಾಗಿ ಕುಟ್ಟುತ್ತಿದ್ದೆ.

ಮೊದಲ ಫಜೀತಿ ಹಗರಿಬೊಮ್ಮನಹಳ್ಳಿಯ ಒಂದು ಬೇಕರಿಯದು. ಬಾಗಿಲ ಮೇಲೆ ಗೋಡೆಯುದ್ದ ಫ್ಲೆಕ್ಸ್ ಬೇಕು, ಅದರಲ್ಲಿ ಮೂರಂತಸ್ತಿನ ಕೇಕು ಇರಬೇಕು. ಕೇಕಿನ ಚಿತ್ರ ಅವರು ಕಳಿಸಿದ ಪಿಡಿಎಫ್‌ನಲ್ಲಿತ್ತು. ಅದನ್ನು ಫೋಟೊಶಾಪಿನಲ್ಲಿ ತೆರೆದೆ. ಏನೋ ಒಂದು ಚೌಕ ಮೂಡಿ ಏನೇನೋ ಕೇಳಿತು. ಓದಲಿಲ್ಲ, ಓಕೆ ಒತ್ತಿದೆ. ಪರದೆಯ ಮೇಲೆ ಕೇಕು ಚೆನ್ನಾಗಿಯೇ ಕಂಡಿತು. ಹಿಗ್ಗಿಸಿ ಮುದ್ರಣಕ್ಕೆ ಕಳಿಸಿದೆ. ಆ ಚೌಕದಲ್ಲಿ ರೆಸಲ್ಯೂಷನ್, ಅಂದರೆ ಅಂಗುಲಕ್ಕೆ ಎಷ್ಟು ಚುಕ್ಕೆ, ಎಂಬ ಜಾಗದಲ್ಲಿ ಎಪ್ಪತ್ತೆರಡು ಎಂದಿತ್ತಂತೆ. ಪರದೆಗೆ ಅಷ್ಟು ಸಾಕು, ಗೋಡೆಗೆ ಯಾವ ಮೂಲೆಗೂ ಸಾಲದು. ಫ್ಲೆಕ್ಸ್ ಏರಿಸಿದ ಮಾರನೆಯ ದಿನ ಬೇಕರಿಯವರು ಫೋನು ಮಾಡಿದರು.

“ಅಕ್ಕಾರ, ಟೈಲ್ಸ್ ಅಂಗಡಿ ಯಾವಾಗ ತೆಗುದ್ರಿ ಅಂತ ಜನ ಕೇಳಾಕಹತ್ಯಾರ್ರಿ.”

ಹೋಗಿ ನೋಡಿದೆ. ಕೇಕಿನ ಒಂದೊಂದು ಚುಕ್ಕೆಯೂ ಅಂಗೈಯಗಲದ ಚೌಕವಾಗಿತ್ತು. ಬಚ್ಚಲುಮನೆಗೆ ಹಾಕುವ ಟೈಲ್ಸಿನಂತೆಯೇ ಇತ್ತು, ಸುಳ್ಳು ಹೇಳಲಾರೆ.

ಇದಾದ ಮೇಲೆ ಪಂಪಣ್ಣ ತಮ್ಮದೇ ಉಪಾಯ ಕಂಡುಹಿಡಿದರು. ಪಿಡಿಎಫ್ ಅನ್ನು ಪರದೆಯ ಮೇಲೆ ಆಗುವಷ್ಟು ಹಿಗ್ಗಿಸುವುದು, ಕಂಡಷ್ಟು ಭಾಗವನ್ನು ಸ್ಕ್ರೀನ್‌ಶಾಟ್ ತೆಗೆಯುವುದು, ಪಕ್ಕಕ್ಕೆ ಸರಿಸಿ ಮತ್ತೊಂದು ತೆಗೆಯುವುದು, ಕೊನೆಗೆ ತುಂಡುಗಳನ್ನೆಲ್ಲ ಜೋಡಿಸುವುದು. “ಮೊಳಿ ಜೋಡ್ಸಿದಾಕಿ ನೀನು, ಇದೇನು ದೊಡ್ಡದಮ್ಮಾ?” ಎಂದು ಹುರಿದುಂಬಿಸಿದರು. ನಾನೂ ನಂಬಿದೆ. ಕೂಡ್ಲಿಗಿಯ ಒಂದು ಮದುವೆಯ ಬ್ಯಾನರಿಗೆ ಮದುಮಗಳನ್ನು ಹೀಗೆ ತುಂಡು ತುಂಡಾಗಿ ಜೋಡಿಸಿದೆ. ಎಲ್ಲ ಸರಿಹೋಯಿತು, ಎರಡು ತುಂಡು ಕೂಡುವ ಒಂದು ಗೆರೆ ಮಾತ್ರ ಸರಿಯಾಗಿ ಮೂಗಿನ ಮೇಲೆ ಬಂತು. ಮೂಗುತಿ ಎರಡಾಯಿತು. ಹುಡುಗಿಯ ಅತ್ತೆ ಅದನ್ನು ನೋಡಿ, ತವರಿನವರು ಎರಡು ಮೂಗುತಿ ಕೊಟ್ಟಿದ್ದಾರೆಂದುಕೊಂಡು ಎರಡನೆಯದು ಎಲ್ಲಿ ಎಂದು ಕೇಳಿದಳಂತೆ. ಅಲ್ಲಿ ಏನಾಯಿತೆಂದು ನಾನು ವಿಚಾರಿಸಲು ಹೋಗಲಿಲ್ಲ.

ದಾರಿ ತೋರಿಸಿದವನು ಹೊಸಪೇಟೆಯಿಂದ ಮಷಿನ್ ರಿಪೇರಿಗೆ ಬರುತ್ತಿದ್ದ ಇಸ್ಮಾಯಿಲ್. ನನ್ನ ಜೋಡಣೆ ನೋಡಿ ಹಣೆ ಚಚ್ಚಿಕೊಂಡ.

“ಅಕ್ಕಾ, ನೀವು ಪುಟದ ಫೋಟೊ ತೆಗಿಯಾಕಹತ್ತೀರಿ. ಪುಟದೊಳಗಿನ ಫೋಟೊ ತೆಗೀರಿ.”

“ಎರಡೂ ಒಂದೇ ಅಲ್ಲೇನೋ?”

“ಕಿಟಕಿ ಫೋಟೊ ತೆಗುದ್ರ ಮನಿಯೊಳಗಿನ ಸಾಮಾನು ಕೈಗೆ ಬರ್ತೈತೇನಕ್ಕಾ?”

ನಾನು ಓದದೆ ಓಕೆ ಒತ್ತುತ್ತಿದ್ದ ಆ ಚೌಕದಲ್ಲಿ, ಮೇಲ್ಗಡೆಯೇ, ‘ಪೇಜಸ್’, ‘ಇಮೇಜಸ್’ ಎಂದು ಎರಡು ಆಯ್ಕೆಗಳಿರುವುದನ್ನು ಅವನು ತೋರಿಸಿದ. ಪೇಜಸ್ ಎಂದರೆ ಇಡೀ ಪುಟ ಒಂದೇ ಚಿತ್ರವಾಗುತ್ತದೆ, ಅಕ್ಷರ, ಅಂಚು, ಹೂವು ಎಲ್ಲ ಸೇರಿ. ಇಮೇಜಸ್ ಎಂದರೆ, ಪುಟ ಮಾಡಿದವರು ಒಳಗಿಟ್ಟ ಚಿತ್ರಗಳು ಒಂದೊಂದೂ ಬೇರೆಯಾಗಿ, ಇಟ್ಟಾಗ ಎಷ್ಟು ದೊಡ್ಡವಿದ್ದವೋ ಅಷ್ಟೇ ದೊಡ್ಡವಾಗಿ ಬರುತ್ತವೆ. ಇಷ್ಟೇ ಗುಟ್ಟು. ಇಷ್ಟು ವರ್ಷ ಅದು ನನ್ನ ಕಣ್ಣ ಮುಂದೆಯೇ ಕೂತಿತ್ತೆಂದು ತಿಳಿದಾಗ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

ಇನ್ನು ಸುಖ ಎಂದುಕೊಂಡೆ. ಗಲಿಬಿಲಿ ಶುರುವಾದದ್ದೇ ಆಗ. ಹರಪನಹಳ್ಳಿಯ ಕಾಲೇಜಿನ ಸ್ಮರಣ ಸಂಚಿಕೆಯಿಂದ ಪ್ರಾಂಶುಪಾಲರ ಫೋಟೊ ತೆಗೆಯಲು ಹೋದರೆ, ಅವರು ಅಡ್ಡಡ್ಡ ಪಟ್ಟಿಗಳಾಗಿ ಬಂದರು. ಒಂದು ಪಟ್ಟಿಯಲ್ಲಿ ಹಣೆ, ಇನ್ನೊಂದರಲ್ಲಿ ಕನ್ನಡಕ, ಮತ್ತೊಂದರಲ್ಲಿ ಮೀಸೆ. ಪಿಡಿಎಫ್ ಮಾಡುವಾಗ ಕೆಲವು ಸಾಫ್ಟ್‌ವೇರುಗಳು ದೊಡ್ಡ ಚಿತ್ರವನ್ನು ಹೀಗೆ ಸೀಳಿ ಇಡುತ್ತವೆಂದು ಆಮೇಲೆ ತಿಳಿಯಿತು. ಇನ್ನೊಂದು ಸಲ ಹಡಗಲಿಯ ಮದುಮಗನೊಬ್ಬ ನೀಲಿ ಮುಖ, ಬಿಳಿ ತಲೆಗೂದಲು ಹೊತ್ತು ಹೊರಬಂದ. ಪಂಪಣ್ಣ ಗಾಬರಿಯಾಗಿ, “ಮುಚ್ಚಮ್ಮಾ ಮುಚ್ಚು, ಮದ್ವಿ ಮನಿಯೋರು ನೋಡಿಗೀಡ್ಯಾರು!” ಎಂದರು. ಮುದ್ರಣದ ನಾಲ್ಕು ಬಣ್ಣಗಳಲ್ಲಿ ಇಟ್ಟ ಚಿತ್ರ ಕೆಲವು ಸಲ ಬಣ್ಣ ತಿರುಗುಮುರುಗಾಗಿ ಹೊರಬರುತ್ತದೆ. ಇನ್ವರ್ಟ್ ಎಂಬುದನ್ನು ಒತ್ತಿದರೆ ನೆಟ್ಟಗಾಗುತ್ತದೆ. ಇದು ಗೊತ್ತಾಗುವವರೆಗೆ ಅವನ ಮುಖಕ್ಕೆ ನಾನು ಕೈಯಿಂದಲೇ ಬಣ್ಣ ಹಚ್ಚುತ್ತ ಒಂದು ಮಧ್ಯಾಹ್ನ ಕಳೆದೆ.

ಮತ್ತೆ ಕೆಲವು ಪಿಡಿಎಫ್‌ಗಳಲ್ಲಿ ಇಮೇಜಸ್ ಒತ್ತಿದರೆ ಏನೂ ಇರುವುದಿಲ್ಲ. ಕಣ್ಣಿಗೆ ಕಾಣುವ ಬಾಳೆಗಿಡ, ಕಳಸ ಎಲ್ಲ ಗೆರೆಗಳಿಂದ ಬರೆದವು, ಅವು ಚಿತ್ರಗಳೇ ಅಲ್ಲ. ಅಂಥದ್ದಕ್ಕೆ ಪೇಜಸ್ಸೇ ಗತಿ, ರೆಸಲ್ಯೂಷನ್ ಮುನ್ನೂರಕ್ಕೆ ಏರಿಸಿಕೊಳ್ಳಿ. ಹಾಗೆಂದು ಫೋನಿನಿಂದ ಫೋನಿಗೆ ಹೋಗಿ ಸವೆದು ಸಣ್ಣದಾದ ಮುಖವನ್ನು ಆರುನೂರಕ್ಕೆ ಏರಿಸಿದರೆ ಅದು ಮಸುಕು ಮುಖವೇ ಆಗಿ ದೊಡ್ಡದಾಗುತ್ತದೆ. ಒಳಗೆ ಇಲ್ಲದ್ದು ಹೊರಗೆ ಬರುವುದಿಲ್ಲ. ಈ ಮಾತನ್ನು ಗಿರಾಕಿಗಳಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮ ಕಡೆಯ ಪ್ರೆಸ್ಸುಗಳ ಒಂದು ರೂಢಿ ನಿಮಗೆ ಗೊತ್ತಿರಬೇಕು. ಯಾರಾದರೂ ತೀರಿಕೊಂಡರೆ ಕಾರ್ಯದ ಪತ್ರಿಕೆಗೆ ಅವರ ಫೋಟೊ ತರುತ್ತಾರೆ. ಎಲ್ಲೋ ಹೊಲದಲ್ಲಿ, ಯಾರದೋ ಮದುವೆಯ ಊಟದ ಸಾಲಿನಲ್ಲಿ ತೆಗೆದದ್ದು. ನಾವು ಮುಖ ಕತ್ತರಿಸಿ, ಕೆಳಗೆ ಒಂದು ಕೋಟು ಕೂಡಿಸುತ್ತೇವೆ. ಕೋಟು ಕಂಪ್ಯೂಟರಿನಲ್ಲಿ ಸಿದ್ಧವಿರುತ್ತದೆ, ಎಲ್ಲರಿಗೂ ಅದೇ. ಆಮೇಲೆ ಹಾರ, ಎರಡು ದೀಪ, ಹಣೆಗೆ ಮೂರು ಬೆರಳಿನ ವಿಭೂತಿ. ವಿಭೂತಿಯೂ ಸಿದ್ಧ ಚಿತ್ರವೇ. ನಮ್ಮ ಮನೆಯಲ್ಲಿ ಸ್ನಾನವಾದ ಮೇಲೆ ವಿಭೂತಿ ಧರಿಸದೆ ನೀರೂ ಕುಡಿಯುತ್ತಿರಲಿಲ್ಲ. ಹಾಗಾಗಿ ಬರಿ ಹಣೆಯ ಫೋಟೊ ಬಂದರೆ ಅದು ಅರ್ಧಕ್ಕೆ ಬಿಟ್ಟ ಕೆಲಸದಂತೆ ನನಗೆ ಕಾಣುತ್ತಿತ್ತು. ಯಾರ ಮನೆಯವರು, ಹಚ್ಚುತ್ತಿದ್ದರೋ ಇಲ್ಲವೋ ಎಂದು ಯಾವ ಪ್ರೆಸ್ಸಿನಲ್ಲೂ ಯಾರೂ ಕೇಳುತ್ತಿರಲಿಲ್ಲ.

ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ ಸುಜಾತಾ ಎಂಬ ಹೆಣ್ಣುಮಗಳು ಬಂದಳು. ನರ್ಸ್ ಕೆಲಸ, ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ಅವಳ ತಂದೆ ದುರುಗಪ್ಪ ಮಾರುಕಟ್ಟೆಯಲ್ಲಿ ಹಮಾಲಿಯಾಗಿ ಚೀಲ ಹೊತ್ತು ಮಗಳನ್ನು ಓದಿಸಿದವರು, ಹಿಂದಿನ ವರ್ಷ ತೀರಿಕೊಂಡಿದ್ದರು. ಅವಳ ಫೋನಿನಲ್ಲಿ ಒಂದು ಪಿಡಿಎಫ್ ಇತ್ತು. ಬೇರೆ ಊರಿನ ಪ್ರೆಸ್ಸಿನಲ್ಲಿ ಮಾಡಿಸಿದ ಕಾರ್ಯದ ಪತ್ರಿಕೆ. ಕೋಟು, ಹಾರ, ದೀಪ, ವಿಭೂತಿ, ಎಲ್ಲ ರೂಢಿಯ ಪ್ರಕಾರ.

“ಅಕ್ಕಾರ, ಇದ್ರಾಗ ಇಬತ್ತಿ ತೆಗುದು ಅಪ್ಪಂದು ಬರೇ ಮುಖ ಕೊಡ್ರಿ” ಎಂದಳು.

“ಯಾಕವ್ವ? ಚಂದ ಐತಲ್ಲ.”

“ನಾವು ಬೌದ್ಧರ್ರಿ. ಅಪ್ಪ ಇರಾತನಕ ಹಣಿಗೆ ಏನೂ ಹಚ್ಚಿದೋರಲ್ಲ. ಪತ್ರಿಕಿ ಮಾಡ್ಸೋವಾಗ ನಾನು ಅವ್ವನ ಕೂಡ ದವಾಖಾನ್ಯಾಗ ಇದ್ದೆ, ನಮ್ಮ ಚಿಕ್ಕಪ್ಪನ ಮಗ ಹ್ಞೂಂ ಅಂದುಬಿಟ್ಟಾನ. ಅದನ್ನ ದೊಡ್ಡದು ಮಾಡ್ಸಿ ಗ್ವಾಡಿಗೂ ಹಾಕ್ಯಾನ.”

ಬರಿ ಹಣೆಯೇ ಅವರ ಮನೆಯ ರೀತಿ ಎಂಬುದು ನನ್ನ ತಲೆಗೆ ಅದುವರೆಗೆ ಹೊಳೆದೇ ಇರಲಿಲ್ಲ. ಅವಳೇ ಮುಂದುವರಿಸಿದಳು.

“ನನಗಾಗಿದ್ರ ಹೋಗ್ಲಿ ಅಂತಿದ್ದೆ. ಅವ್ವಗ ಮರುವು ಬಂದೈತ್ರಿ. ಅಪ್ಪ ಸತ್ತಾಗಿಂದ ಜಾಸ್ತಿ ಆಗೈತಿ. ಆತ ಮಾರ್ಕೆಟ್ಟಿಗೆ ಹೋಗ್ಯಾನ ಅಂತ ಬಾಗ್ಲಾಗ ಕುಂತಿರ್ತಾಳ. ಫೋಟೊ ತೋರ್ಸಿದ್ರ, ಇದ್ಯಾರ ಮನಿ ಸಾವ್ಕಾರಂದಲೇ, ನಮ್ಮನ್ಯಾಗ ಯಾಕ ಹಾಕೀರಿ ಅಂತಾಳ. ಒಂದ್ಸಲ ಆಕಿ ಅಪ್ಪನ್ನ ಗುರ್ತು ಹಿಡುದ್ರ ಸಾಕ್ರಿ ನನಗ.”

ಬೇರೆ ಫೋಟೊ ಇಲ್ಲವೇ ಎಂದು ಕೇಳಿದೆ. ಅಪ್ಪನ ಫೋಟೊಗಳಿದ್ದ ಹಳೆಯ ಫೋನು ನೀರಿನ ತೊಟ್ಟಿಗೆ ಬಿದ್ದು ಎಲ್ಲ ಹೋಗಿತ್ತು. ಇದ್ದದ್ದು ಈ ಪಿಡಿಎಫ್ ಒಂದೇ.

ತೆರೆದು ಇಮೇಜಸ್ ಒತ್ತಿದೆ. ಒಂದೇ ಒಂದು ಚಿತ್ರ ಬಂತು, ಇಡೀ ಪತ್ರಿಕೆ. ಯಾರೋ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಮತ್ತೆ ಪಿಡಿಎಫ್ ಮಾಡಿ ಹಂಚಿದ್ದರು. ವಿಭೂತಿ ಮುಖಕ್ಕೆ ಅಂಟಿಹೋಗಿತ್ತು. ಆದರೂ ಬಿಡಲಿಲ್ಲ. ಕೆನ್ನೆಯ ಚರ್ಮವನ್ನು ಎತ್ತಿ ಎತ್ತಿ ಹಣೆಯ ಮೇಲೆ ಹಾಕಿ ವಿಭೂತಿ ಮುಚ್ಚಿದೆ. ನುಣುಪಾದ, ಲಕ್ಷಣವಾದ ಹಣೆಯಾಯಿತು. ನನ್ನ ಕೈಗೆ ನಾನೇ ಮೆಚ್ಚಿ ಪ್ರಿಂಟು ಕೊಟ್ಟು ಕಳಿಸಿದೆ.

ಮರುದಿನವೇ ಸುಜಾತಾ ಅದನ್ನು ಹಿಡಿದುಕೊಂಡು ವಾಪಸು ಬಂದಳು. ಅವಳ ತಾಯಿ ಹನುಮವ್ವ ಅದನ್ನು ನೋಡಿ, ಸಾವ್ಕಾರ ಹೋಗಿ ಈಗ ಅವನ ತಮ್ಮ ಬಂದ ಎಂದಿದ್ದಳಂತೆ. ಸುಜಾತಾ ನಗಲು ಹೋಗಿ ಅತ್ತಳು. “ನಾನೂ ನೋಡಿದೆ ಅಕ್ಕಾರ. ಅಪ್ಪ ಅಂತ ಅನ್ನಸ್ತೈತಿ, ಆದ್ರ ಅಪ್ಪ ಅಲ್ಲ. ಏನು ತಪ್ಪೈತಿ ಅಂತ ಹೇಳಾಕ ಬರವಲ್ದು. ಮುಖ ಮರ್ತುಬಿಟ್ಟೆನೇನೋ ಅಂತ ಹೆದ್ರಿಕಿ ಆಗತೈತ್ರಿ.”

ಆ ಮಾತು ನನ್ನನ್ನು ಕಲಕಿತು. ಮರೆವು ತಾಯಿಗೆ, ಹೆದರಿಕೆ ಮಗಳಿಗೆ, ಆ ಮುಖವನ್ನು ಎಂದೂ ನೋಡಿರದ ನಾನು ಅದನ್ನು ಮಾಡಿಕೊಡಬೇಕು. “ಪ್ರೆಸ್ಸಿನೋರು ಮೊದ್ಲು ಕಳಿಸಿದ ಪಿಡಿಎಫ್ ಯಾರ ಹತ್ರ ಐತಿ?” ಎಂದು ಕೇಳಿದೆ. ಹೊಸಬರೇ, ಇದೊಂದು ನೆನಪಿಟ್ಟುಕೊಳ್ಳಿ. ಕೈಯಿಂದ ಕೈಗೆ ಬಂದ ಪಿಡಿಎಫ್ ನಂಬಬೇಡಿ, ಪುಟ ಮಾಡಿದವರ ಕೈಯಿಂದ ಮೊದಲು ಹೊರಟದ್ದನ್ನು ಹುಡುಕಿಸಿ. ಅದು ಹರಪನಹಳ್ಳಿಯಲ್ಲಿದ್ದ ಚಿಕ್ಕಪ್ಪನ ಮಗನ ಫೋನಿನಲ್ಲಿ ಸಿಕ್ಕಿತು. ಸ್ಕ್ರೀನ್‌ಶಾಟ್ ಬೇಡ, ಹಾಗೆಯೇ ಡಾಕ್ಯುಮೆಂಟಾಗಿ ಕಳಿಸು ಎಂದು ನಾನೇ ಅವನಿಗೆ ಗದರಿ ಹೇಳಿದೆ.

ಇಮೇಜಸ್ ಒತ್ತಿದ ಕೂಡಲೇ ಪರದೆಯ ತುಂಬ ಚಿಕ್ಕ ಚಿಕ್ಕ ಚಿತ್ರಗಳು ಬಿಚ್ಚಿಕೊಂಡವು. ಹಾರ ಒಂದು ಕಡೆ, ದೀಪ ಒಂದು ಕಡೆ. ತಲೆಯಿಲ್ಲದ ಕೋಟು. ಕಪ್ಪು ಚೌಕದಲ್ಲಿ ಮೂರು ಬಿಳಿ ಗೆರೆ, ಅದು ವಿಭೂತಿ. ಕೊನೆಗೆ ಒಂದು ಫೋಟೊ. ಸುಜಾತಾ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದಳು.

ಪತ್ರಿಕೆಯಲ್ಲಿ ಮುಖ ಮಾತ್ರ ಕಾಣುವಂತೆ ಮರೆಮಾಡಿದ್ದರು, ಒಳಗೆ ಪೂರ್ತಿ ಫೋಟೊ ಹಾಗೇ ಇತ್ತು. ಮಾರುಕಟ್ಟೆಯ ಅಂಗಳ, ಹಿಂದೆ ಶೇಂಗಾ ಚೀಲಗಳ ಅಟ್ಟಿ, ಹೆಗಲ ಮೇಲೆ ಟವೆಲ್ಲು, ಮೇಲಿನ ಗುಂಡಿ ಹಾಕದ ಅಂಗಿ. ಯಾರಿಗೋ ಏನೋ ಹೇಳುತ್ತಿರುವಾಗ ತೆಗೆದದ್ದು, ಬಾಯಿ ಅರ್ಧ ತೆರೆದಿತ್ತು. ವಿಭೂತಿ ಕೂತಿದ್ದ ಜಾಗದಲ್ಲಿ, ಎಡ ಹುಬ್ಬಿನಿಂದ ಮೇಲಕ್ಕೆ, ಒಂದು ಹಳೆಯ ಗಾಯದ ಗುರುತು.

“ಚೀಲ ಎತ್ತೋ ಕಬ್ಬಿಣದ ಕೊಕ್ಕಿ ಬಡಿದಿತ್ರಿ” ಎಂದಳು ಸುಜಾತಾ. “ನಾನು ಸಣ್ಣಾಕಿದ್ದಾಗ ಅದರ ಮ್ಯಾಲ ಬಟ್ಟು ಆಡಸ್ತಿದ್ದೆ. ಹೆಂಗ ಮರ್ತೆನ್ರಿ ನಾನು?” ಪರದೆಯ ಮೇಲೆಯೇ ಬೆರಳಿಟ್ಟಳು. ಪರದೆ ಮುಟ್ಟಿದರೆ ನಾನು ಯಾರನ್ನೂ ಬಿಟ್ಟವಳಲ್ಲ. ಅಂದು ಗದರಲಿಲ್ಲ.

ಪ್ರಿಂಟು ತೆಗೆಸಿ, ಕಟ್ಟು ಹಾಕಿಸಿ, ಮುಂದಿನ ಭಾನುವಾರ ನಾನೇ ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಗೆ ಹೋದೆ. ಮುಖ ಒಪ್ಪಿಸಿ ಬರಬೇಕೆನಿಸಿತ್ತು. ಚಿಕ್ಕ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಪಕ್ಕದಲ್ಲಿ ಚೆಂಡುಹೂವಿನ ಹಾರ ಹಾಕಿದ ಕೋಟಿನ ಸಾವ್ಕಾರ. ಹನುಮವ್ವ ಬಾಗಿಲಲ್ಲೇ ಕೂತಿದ್ದಳು. ಸುಜಾತಾ ಏನೂ ಹೇಳದೆ ಹೊಸ ಫೋಟೊವನ್ನು ತಾಯಿಯ ತೊಡೆಯ ಮೇಲಿಟ್ಟಳು.

ಹನುಮವ್ವ ನೋಡಿದಳು. ತಲೆ ಓರೆ ಮಾಡಿ ಮತ್ತೆ ನೋಡಿದಳು. ಆಮೇಲೆ ಮುಖವೆಲ್ಲ ಅರಳಿತು.

“ಬಂದ್ಯಾ? ಎಷ್ಟೊತ್ತು ಮಾಡ್ದಿ? ಮೈಯೆಲ್ಲ ಧೂಳು, ಗುಂಡಿನಾದ್ರೂ ಹಾಕ್ಕಬಾರ್ದಾ?” ಎಂದು ಫೋಟೊದ ಎದೆಯ ಮೇಲಿನ ಧೂಳು ಒರೆಸಿದಳು. ನನ್ನ ಕಡೆ ತಿರುಗಿ, “ನಮ್ಮ ಮನಿಯಾತ” ಎಂದು ನನಗೆ ಪರಿಚಯವನ್ನೂ ಮಾಡಿಕೊಟ್ಟಳು. ಸುಜಾತಾ ಬಾಯಿಗೆ ಸೆರಗು ಹಿಡಿದು ನಿಂತಳು. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಸುಜಾತಾ ಕೋಟಿನ ಫೋಟೊ ಇಳಿಸಿ, ಅದೇ ಮೊಳೆಗೆ ಹೊಸದನ್ನು ತೂಗುಹಾಕಿದಳು. ಹಳೆಯದರ ಮೇಲಿದ್ದ ಹೂವಿನ ಹಾರ ಕೈಯಲ್ಲೇ ಇತ್ತು. ಯೋಚಿಸದೆ, ಸಲೀಸಾಗಿ, ಅದನ್ನು ಇದಕ್ಕೆ ಹಾಕಿದಳು.

ಹನುಮವ್ವನ ನಗು ನಿಂತಿತು. ಹಾರವನ್ನು ನೋಡಿದಳು, ಗಂಡನ ಮುಖ ನೋಡಿದಳು, ಮಗಳನ್ನು ನೋಡಿದಳು.

“ಈತಗ ಯಾಕ ಹಾಕ್ತಿ? ಸತ್ತಾಂವ ಅವ್ನಲ್ಲೇನು?” ಎಂದು ಕೆಳಗಿಟ್ಟಿದ್ದ ಕೋಟಿನ ಫೋಟೊ ತೋರಿಸಿದಳು.

ಸುಜಾತಾ ಹಾರದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ನಾನು ಏನಾದರೂ ಹೇಳಬೇಕಿತ್ತೇನೋ. ತೆಗಿಯವ್ವ ಎನ್ನಬೇಕಿತ್ತೋ, ಇರಲಿ ಬಿಡು ಎನ್ನಬೇಕಿತ್ತೋ, ಅಂದೂ ಗೊತ್ತಾಗಲಿಲ್ಲ, ಇಂದೂ ಗೊತ್ತಿಲ್ಲ. ಗೋಡೆಯ ಮೇಲೆ ತಪ್ಪು ಮುಖ ಇದ್ದಷ್ಟು ದಿನ ಆ ತಾಯಿಗೆ ಗಂಡ ಮಾರುಕಟ್ಟೆಯಲ್ಲಿದ್ದ. ಅವನನ್ನು ಮನೆಗೆ ಕರೆತಂದು ಗೋಡೆಗೆ ಹಾಕಿದವಳು ನಾನು.

“ಹಂಗಾದ್ರ ಈತ ಬರಂಗಿಲ್ಲೇನಲೇ ಸುಜಿ?”

“ಇಲ್ಲವ್ವ.”

“ನನಗ ಯಾರೂ ಹೇಳಲೇ ಇಲ್ಲಲ್ಲ” ಎಂದು ಹನುಮವ್ವ ಅಳತೊಡಗಿದಳು. ಗಂಡ ಸತ್ತ ದಿನ ಅವಳು ಅತ್ತಿರಲಿಲ್ಲವಂತೆ. ವರ್ಷವಿಡೀ ದಿನಾ ಆ ಸಾವಿನ ಸುದ್ದಿಯನ್ನೇ ಹೇಳುತ್ತ ಬಂದಿದ್ದ ಮಗಳು ಎದುರು ಮಾತಾಡಲಿಲ್ಲ. ತಾಯಿಯ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತು, “ಹ್ಞೂಂ ಅವ್ವ, ಹೇಳಬೇಕಿತ್ತು” ಎಂದು ಅವಳ ಹೆಗಲಿಗೆ ತಲೆಯಿಟ್ಟಳು. ಅಪ್ಪನಿಗಾಗಿ ಇಷ್ಟು ದಿನ ಒಬ್ಬಳೇ ಅತ್ತಿದ್ದವಳು ಅಂದು ಮೊದಲ ಸಲ ಅವ್ವನ ಜೊತೆ ಅತ್ತಳು.